ನಾಲ್ಕು ಹಾವುಗೆ

೮ ಫೆಬ್ರವರಿ ೧೯೫೪, ಸೋಮವಾರ. ಕೊಳ್ಳೇಗಾಲ

ಬೆಳಿಗ್ಗೆ ಪೂಜೆಗೆ ಕೂತಿದ್ದೆ. ಮೈದುನ ರುದ್ರಸ್ವಾಮಿ ಕೋಣೆಯೊಳಗೆ ನುಗ್ಗಿ, ನನ್ನ ಬೆನ್ನ ಹಿಂದೆಯೇ ಗೋಡೆಯಿಂದ ಗೋಡೆಗೆ ಮೊಳ ಹಾಕಿದ. ಯಾಕಪ್ಪ ಎಂದರೆ "ಸುಮ್ಕೆ ಅತ್ಗೆ" ಎಂದ. ನಾನು ಈ ಮನೆಗೆ ಬಂದಾಗಿನಿಂದ ರುದ್ರಸ್ವಾಮಿ ಸುಮ್ಮನೆ ಒಂದು ಕೆಲಸ ಮಾಡಿದ್ದನ್ನು ಕಂಡಿಲ್ಲ. ಅವನದು ರೇಷ್ಮೆ ನೂಲಿನ ವ್ಯಾಪಾರ. ಕೊಟ್ಟಿಗೆಯಲ್ಲಿಟ್ಟ ನೂಲಿಗೆ ಇಲಿ ಬೀಳುತ್ತಿದೆ ಎಂದು ಸಂಕ್ರಾಂತಿಯಿಂದ ಗೊಣಗುತ್ತಿದ್ದ. ಬೀದಿ ಕಡೆ ಬಾಗಿಲಿರುವ ಒಣ ಕೋಣೆ ಮನೆಯಲ್ಲಿ ಇದೊಂದೇ.

ಮಧ್ಯಾಹ್ನ ಅವನ ಹೆಂಡತಿ ಶಿವರತ್ನಮ್ಮ ಬಾಯಿಬಿಟ್ಟಳು. ಯಳಂದೂರಿನಲ್ಲಿ ಕವಿಯಪ್ಪನ ಹೆಸರಿನಲ್ಲಿ ಸ್ಮಾರಕ ಸಮಿತಿ ಆಗಿದೆಯಂತೆ. ಅವರ ಸಾಮಾನುಗಳನ್ನೆಲ್ಲ ಗಾಜಿನ ಪೆಟ್ಟಿಗೆಯಲ್ಲಿಟ್ಟು ಜನಕ್ಕೆ ತೋರಿಸುತ್ತಾರಂತೆ. ರುದ್ರಸ್ವಾಮಿ ಕೊಡುತ್ತೇನೆ ಎಂದು ಆಗಲೇ ಮಾತು ಕೊಟ್ಟಿದ್ದಾನೆ. ನಾವು ಮನೆಯಲ್ಲಿ ಕವಿಯಪ್ಪ ಅನ್ನುತ್ತೇವೆ. ಸಮಿತಿಯವರು ಮಹಾಕವಿ ಸಂಪಯ್ಯನವರು ಅನ್ನುತ್ತಾರಂತೆ. ನನ್ನ ಗಂಡನ ಮುತ್ತಾತ. ಸತ್ತು ಎಪ್ಪತ್ತು ವರ್ಷವಾದ ಮೇಲೆ ಮಹಾ ಆಗಿದ್ದಾರೆ.

ಸಾಮಾನು ಹೋದರೆ ಕೋಣೆ ಖಾಲಿ. ಕೋಣೆ ಖಾಲಿಯಾದರೆ ನನ್ನ ಗತಿ ಏನು? ಗಂಡ ತೀರಿಕೊಂಡಾಗ, ಮಕ್ಕಳಿಲ್ಲದ ನನ್ನನ್ನು ತವರಿಗೆ ಕಳಿಸೋಣ ಎಂದವರೇ ಎಲ್ಲ. ಅತ್ತೆಯೊಬ್ಬರೇ "ಕವಿಯಪ್ಪನ ಪೂಜೆ ನೋಡ್ಕಂಡು ಬಿದ್ದಿರ್ಲಿ" ಎಂದು ಈ ಕೋಣೆಯಲ್ಲಿ ನನಗೊಂದು ಚಾಪೆ ಹಾಕಿಸಿದರು. ಈಗ ಅತ್ತೆಯೂ ಇಲ್ಲ. ಪೂಜೆಯ ಹೆಸರಿನಲ್ಲಿ ಎರಡು ಹೊತ್ತು ಉಣ್ಣುತ್ತಿದ್ದೇನೆ. ಪೂಜೆ ನಿಂತರೆ ಕೌದಳ್ಳಿಯ ಅಣ್ಣನ ಮನೆ. ಅಣ್ಣನ ಮನೆ ಹಬ್ಬಕ್ಕೆ ಚೆನ್ನ, ಬಾಳುವುದಕ್ಕಲ್ಲ.

ಬಾಯಿಬಿಟ್ಟು ಆಡಿದರೆ ಮಾತಿಗೆ ಮಾತು ಬೆಳೆಯುತ್ತದೆ. ಅದಕ್ಕೇ ಇಲ್ಲಿ ಬರೆದುಕೊಳ್ಳುತ್ತಿದ್ದೇನೆ.

೧೧ ಫೆಬ್ರವರಿ, ಗುರುವಾರ

ಕೋಪ ಇಳಿದಿಲ್ಲ. ಕೋಪ ಬಂದರೆ ನನಗೆ ಏನನ್ನಾದರೂ ತಿಕ್ಕಬೇಕು. ಇವತ್ತು ಎಲ್ಲವನ್ನೂ ಕೆಳಗಿಳಿಸಿ ತಿಕ್ಕಿದೆ.

ಕವಿಯಪ್ಪನ ಬೆಳ್ಳಿ ಕರಡಿಗೆ ಹುಣಿಸೆಹಣ್ಣಿಗೆ ಫಳಫಳ ಆಯಿತು. ಅದರೊಳಗೆ ಲಿಂಗವಿಲ್ಲ. ಲಿಂಗವನ್ನು ಅವರ ಅಂಗೈಯಲ್ಲಿಟ್ಟು ಅವರ ಜೊತೆಗೇ ಮಣ್ಣು ಮಾಡಿದರು, ನಮ್ಮಲ್ಲಿ ಹಾಗೇ. ಓಲೆಗರಿಯ ಮೇಲೆ ಬರೆಯುತ್ತಿದ್ದ ಕಬ್ಬಿಣದ ಕಂಠಕ್ಕೆ ಎಣ್ಣೆ ಸವರಿದೆ. ಯಳಂದೂರಿನ ಜಹಗೀರುದಾರರು ಹೊದಿಸಿದ ಶಾಲನ್ನು ಬಿಸಿಲಿಗೆ ಹರಡಿದೆ. ಅದರಲ್ಲಿ ಈಗ ಶಾಲಿಗಿಂತ ತೂತೇ ಹೆಚ್ಚು. ಓಲೆಗರಿ ಕಟ್ಟನ್ನು ಕೆಂಪು ಬಟ್ಟೆ ಬಿಚ್ಚದೆ ಮೇಲೆ ಮೇಲೆ ಒರೆಸಿದೆ. ಬಿಚ್ಚಕೂಡದು ಎಂದು ಅತ್ತೆಯ ಆಜ್ಞೆ. ಅವರ ಕಾವ್ಯ ಮೈಸೂರಿನಲ್ಲಿ ಒಂದು ಸಲ ಅಚ್ಚಾಗಿತ್ತು. ಆ ಪುಸ್ತಕವನ್ನೂ ಪೀಠದ ಮೇಲಿಟ್ಟು ಹೂವು ಹಾಕುತ್ತೇವೆಯೇ ಹೊರತು ಈ ಮನೆಯಲ್ಲಿ ಯಾರೂ ಓದಿದ್ದನ್ನು ನಾ ಕಾಣೆ. ನಾನೂ ಓದಿಲ್ಲ.

ಹಾವುಗೆ ಮಾತ್ರ ಕೊನೆಗೆ. ಅದೇ ನಮ್ಮ ಮನೆಯ ದೊಡ್ಡ ದೇವರು. ಹೆಬ್ಬೆರಳಿಗೆ ಗುಂಡಿ ಇರುವ ಮರದ ಜೋಡಿ. ಹರಳೆಣ್ಣೆ, ವಿಭೂತಿ, ಗಂಧ ಕುಡಿದು ಕುಡಿದು ಕಲ್ಲಿನಂತೆ ಕಪ್ಪಾಗಿವೆ. ಇದನ್ನು ಮೆಟ್ಟಿಕೊಂಡೇ ಕವಿಯಪ್ಪ ಮಾದಪ್ಪನ ಬೆಟ್ಟ ಹತ್ತಿ ಇಳಿದರಂತೆ. ಹೈಸ್ಕೂಲಿನ ಹುಡುಗರು ಪರೀಕ್ಷೆಗೆ ಮುಂಚೆ ಬಂದು ಹಣೆ ಮುಟ್ಟಿಸಿ ಹೋಗುತ್ತಾರೆ. ಸೋಮವಾರ ಹೆಂಗಸರು ಬರುತ್ತಾರೆ. ವಿಭೂತಿ ಕೊಡುವುದು ನಾನು. ಆ ಗಳಿಗೆಯಲ್ಲಿ ಈ ಮನೆಯಲ್ಲಿ ನಾನೂ ಒಬ್ಬಳು ಅನ್ನಿಸುತ್ತದೆ.

ಗಾಜಿನ ಪೆಟ್ಟಿಗೆಯಲ್ಲಿಟ್ಟರೆ ಎಣ್ಣೆ ಯಾರು ಹಚ್ಚುತ್ತಾರೆ?

೧೯ ಫೆಬ್ರವರಿ, ಶುಕ್ರವಾರ

ಸಮಿತಿಯ ಕಾರ್ಯದರ್ಶಿ ಬಂದಿದ್ದರು. ಷಡಕ್ಷರಿ ಪಂಡಿತರು, ರಿಟೈರಾದ ಕನ್ನಡ ಮೇಷ್ಟರು. ಮಾತಾಡಿದರೆ ವ್ಯಾಕರಣದ ಪುಸ್ತಕವೇ ಎದ್ದು ಬಂದು ಎದುರಿಗೆ ಕೂತ ಹಾಗೆ. ಆದರೆ ಒಳ್ಳೆಯವರು. ಬಾಗಿಲಲ್ಲೇ ಪೇಟ ತೆಗೆದು ಕೈಮುಗಿದರು.

ಒಂದೊಂದನ್ನೂ ನೋಡಿ ಕಣ್ಣಿಗೊತ್ತಿಕೊಂಡರು. ಹಾವುಗೆಯ ಹತ್ತಿರ ಬಂದವರು ನಿಂತೇ ಬಿಟ್ಟರು.

"ಇದೇನು ತಾಯಿ, ಜೋಡಿ ಇದೆ?"

"ಕಾಲೆರಡು ಅಂದ ಮೇಲೆ ಜೋಡೀನೇ ಅಲ್ವಾ ಸ್ವಾಮಿ" ಎಂದೆ.

"ಅಲ್ಲ, ಯಳಂದೂರಿನ ದಾಯಾದಿಗಳ ಮನೆಯಲ್ಲೂ ಒಂದು ಜೋಡಿ ಇದೆ. ಹೋದ ತಿಂಗಳು ನಾನೇ ನೋಡಿದ್ದೇನೆ. ಅವರೂ ಇದನ್ನೇ ಮೆಟ್ಟಿ ಬೆಟ್ಟ ಹತ್ತಿದರು ಎನ್ನುತ್ತಾರೆ. ಕವಿಗಳಿಗೆ ನಾಲ್ಕು ಕಾಲಿತ್ತೆ?"

ರುದ್ರಸ್ವಾಮಿ ಗಹಗಹಿಸಿ ನಕ್ಕ. ನನಗೆ ಮೈಯೆಲ್ಲ ಉರಿಯಿತು. ಯಳಂದೂರಿನ ಮನೆಯ ಹೆಸರನ್ನೇ ಈ ಮನೆಯಲ್ಲಿ ಎತ್ತುವ ಹಾಗಿರಲಿಲ್ಲ. ನಾನು ಮದುವೆಯಾಗಿ ಬರುವ ಮುಂಚಿನ ಜಗಳ ಅದು. ಏನು ಎತ್ತ ಎಂದು ಯಾರೂ ಹೇಳಿಲ್ಲ. ನಾನು ಹಾವುಗೆಯನ್ನು ಬಟ್ಟೆಯಿಂದ ಮುಚ್ಚಿ "ನಮ್ದೇ ನಿಜ" ಎಂದೆ. ಪಂಡಿತರು ಪಾಪ, ಎರಡರಲ್ಲೊಂದು ತೀರ್ಮಾನವಾಗಲಿ, ಯುಗಾದಿ ಕಳೆದು ಬರುತ್ತೇನೆ, ಅಷ್ಟರಲ್ಲಿ ಹಿರಿಯರನ್ನು ಕೇಳಿಟ್ಟುಕೊಳ್ಳಿ ಎಂದು ಹೊರಟರು.

೨೦ ಫೆಬ್ರವರಿ

ಊಟಕ್ಕೆ ಕೂತಾಗ ರುದ್ರಸ್ವಾಮಿ ಹೇಳಿದ: "ನಿಜವಾಗಿದ್ರೆ ಸಮಿತಿಗೆ ಕೊಡದು. ಸುಳ್ಳಾಗಿದ್ರೆ ಒಲೆಗಾಕದು. ಎಂಗಾದ್ರೂ ಕೋಣೆ ಕಾಲಿಯಾಯ್ತದೆ, ಬುಡಿ ಅತ್ಗೆ."

ಅಡಕತ್ತರಿಗೆ ಸಿಕ್ಕ ಅಡಿಕೆಗೆ ಯಾವ ಬಾಯಿ ಮೇಲಿನದು, ಯಾವುದು ಕೆಳಗಿನದು ಎಂದು ಏನು ಲೆಕ್ಕ.

ಊಟ ಸೇರಲಿಲ್ಲ.

೪ ಮಾರ್ಚ್, ಗುರುವಾರ

ನಿನ್ನೆ ಶಿವರಾತ್ರಿ. ಕೌದಳ್ಳಿಯಿಂದ ಅಣ್ಣ ಪುಟ್ಟಮಾದಪ್ಪ ಬಂದಿದ್ದ. ಹಬ್ಬಕ್ಕೆ ಬಂದನೇನೋ ಎಂದುಕೊಂಡೆ. ರುದ್ರಸ್ವಾಮಿ ಕಾಗದ ಬರೆದು ಕರೆಸಿದ್ದನಂತೆ. ಇಬ್ಬರೂ ಜಗುಲಿಯ ಮೇಲೆ ಎಲೆಅಡಿಕೆ ಮೆಲ್ಲುತ್ತಾ ನನ್ನನ್ನು ಮಾತಾಡಿ ಮುಗಿಸಿದ್ದರು, ಸಂತೆಯಲ್ಲಿ ಎಮ್ಮೆ ಮಾತಾಡುವ ಹಾಗೆ.

ಅಣ್ಣ ನನ್ನ ಕಣ್ಣು ತಪ್ಪಿಸಿ ಹೇಳಿದ: "ಯುಗಾದಿ ಕಳೀಲಿ ತಂಗಿ, ಗಾಡಿ ಕಟ್ಕ ಬತ್ತೀನಿ. ನಮ್ಮನೇಲೂ ಮಾಡೋಕೆ ಕೆಲ್ಸ ಬೇಕಾದಂಗದೆ."

ಕೆಲಸ ಇದೆ ಎಂದ. ಜಾಗ ಇದೆ ಎನ್ನಲಿಲ್ಲ. ನನಗೂ ಅವನ ಮೇಲೆ ಕೋಪ ಬರಲಿಲ್ಲ, ಅವನಿಗೇ ಆರು ಮಕ್ಕಳು.

ಇವತ್ತು ಪೂಜೆಗೆ ಕೂತು ಅತ್ತುಬಿಟ್ಟೆ. ಅತ್ತದ್ದು ಗಂಡನನ್ನು ನೆನೆದಲ್ಲ, ನನ್ನನ್ನೇ ನೆನೆದು. ನಾಚಿಕೆಯಾಯಿತು.

೧೨ ಮಾರ್ಚ್, ಶುಕ್ರವಾರ

ಇಷ್ಟು ದಿನ ಯೋಚಿಸಿದೆ. ಹಾವುಗೆ ನಮ್ಮದೇ ನಿಜ ಎಂದು ಸಾಬೀತಾದರೆ, ನಾನು ಪಂಡಿತರ ಕಾಲು ಹಿಡಿದು, ಇದು ಮನೆಯ ದೇವರು, ಪೂಜೆ ತಪ್ಪಿದರೆ ಊರಿಗೆ ಕೇಡು ಎಂದು ಉಳಿಸಿಕೊಳ್ಳಬಹುದು. ಆ ಮನುಷ್ಯ ಭಕ್ತ, ಹೆದರುತ್ತಾನೆ. ಅದಕ್ಕೆ ಯಳಂದೂರಿನವರದು ಸುಳ್ಳು ಎಂದು ಗೊತ್ತಾಗಬೇಕು. ಅಲ್ಲಿ ಪುಟ್ಟಮಲ್ಲಮ್ಮ ಎಂಬ ಮುದುಕಿ ಇದ್ದಾರಂತೆ. ಮಾವನವರ ದೊಡ್ಡಪ್ಪನ ಸೊಸೆ, ನನಗೆ ದೊಡ್ಡತ್ತೆಯಾಗಬೇಕು.

ಯಳಂದೂರಿಗೆ ಹೋಗಿ ಬರುತ್ತೇನೆ ಎಂದೆ. ರುದ್ರಸ್ವಾಮಿ ಬೇಡ ಎನ್ನುತ್ತಾನೆ ಎಂದುಕೊಂಡಿದ್ದೆ. "ಓಗಿ ಬನ್ನಿ, ಅಂಗೇ ಕೌದಳ್ಳಿಗೆ ಓಗೋ ಅಭ್ಯಾಸವೂ ಆಯ್ತದೆ" ಎಂದ. ಶಿವರತ್ನಮ್ಮ ಗಂಡನನ್ನು ಒಂದು ನೋಟ ನೋಡಿದಳು, ಆಮೇಲೆ ನನಗೆ ಬುತ್ತಿ ಕಟ್ಟುವುದಕ್ಕೆ ಎದ್ದಳು.

೧೬ ಮಾರ್ಚ್, ಮಂಗಳವಾರ

ನಿನ್ನೆ ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗಿ ಇವತ್ತು ಮಧ್ಯಾಹ್ನ ವಾಪಸು ಬಂದೆ. ಬರೆಯುವುದು ಬಹಳ ಇದೆ.

ಹಾವುಗೆ ಎರಡನ್ನೂ ಹಳೆಯ ರೇಷ್ಮೆ ಸೀರೆಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಕೂತಿದ್ದೆ. ಪಕ್ಕದ ಹೆಂಗಸು ಕೂಸು ಮಲಗಿದೆ ಎಂದುಕೊಂಡು ಮೆಲ್ಲಗೆ ಸರಿದು ಜಾಗ ಕೊಟ್ಟಳು. ನಾನು ಹೌದು ಎಂದೂ ಅನ್ನಲಿಲ್ಲ, ಅಲ್ಲ ಎಂದೂ ಅನ್ನಲಿಲ್ಲ. ಬಸ್ಸು ನಮ್ಮ ಮದ್ರಾಸು ಸೀಮೆ ದಾಟಿ ಮೈಸೂರು ಸೀಮೆಗೆ ಬಂತು ಎಂದು ಕಂಡಕ್ಟರ್ ಹೇಳಿದ. ನೋಡಿದೆ. ಅದೇ ಗದ್ದೆ, ಅದೇ ತೆಂಗು, ಅದೇ ಧೂಳು.

ಪುಟ್ಟಮಲ್ಲಮ್ಮ ದೊಡ್ಡತ್ತೆ ಒಣಗಿದ ನುಗ್ಗೆಕಾಯಿಯಂತೆ ಇದ್ದಾರೆ, ಗಂಟಲು ಮಾತ್ರ ಡೋಲು. ನಾನು ಯಾರೆಂದು ಹೇಳಿದ್ದೇ ತಡ, ನನ್ನ ಕೆನ್ನೆ ಸವರಿ "ಬಾ ಕೂಸೇ, ನಮ್ಮನೆ ಒಸ್ಲು ತುಳುದ್ಯಲ್ಲ, ನಲವತ್ತೊರ್ಸಕ್ಕೆ ಆ ಮನೇವ್ರು ಒಬ್ರು ಬಂದಂಗಾಯ್ತು" ಎಂದು ಅತ್ತರು. ಅತ್ತ ಮೇಲೆ ಮುದ್ದೆ ಬಡಿಸಿದರು. ಜಗಳಕ್ಕೆಂದು ಹೋದವಳು ನಾನು, ಎರಡನೇ ಮುದ್ದೆಗೆ ಜಗಳ ಹೇಗೆ ಶುರು ಮಾಡುವುದು ಎಂದೇ ಮರೆತೆ.

ಊಟವಾದ ಮೇಲೆ ಗಂಟು ಬಿಚ್ಚಿದೆ. ಅವರು ದೇವರ ಗೂಡಿನಿಂದ ತಮ್ಮ ಜೋಡಿ ತಂದು ಪಕ್ಕದಲ್ಲಿಟ್ಟರು. ನಾಲ್ಕೂ ಕಪ್ಪು, ನಾಲ್ಕಕ್ಕೂ ಎಣ್ಣೆ ಜಿಡ್ಡು, ನಾಲ್ಕೂ ಒಂದೇ ಅಳತೆ. ಒಂದು ಗಳಿಗೆ ಕಣ್ಣು ಬೇರೆ ಕಡೆ ತಿರುಗಿಸಿದೆ ಅಷ್ಟೇ, ನಮ್ಮದು ಯಾವುದು ಎಂದು ನನಗೇ ತಿಳಿಯಲಿಲ್ಲ. ಎಂಟು ವರ್ಷ ಕೈಯಾರೆ ಎಣ್ಣೆ ಹಚ್ಚಿದ ಹಾವುಗೆ.

"ಯಾವ್ದು ನಿಜ ದೊಡ್ಡತ್ತೆ?"

ಮುದುಕಿ ಕೂತು ವಿವರವಾಗಿ ಹೇಳಿದರು. ಕವಿಯಪ್ಪನ ಗಂಡುಮಕ್ಕಳಿಬ್ಬರು ಪಾಲಾದಾಗ ದೊಡ್ಡವರು ಯಳಂದೂರಲ್ಲೇ ಉಳಿದರು, ಚಿಕ್ಕವರು ಕೊಳ್ಳೇಗಾಲಕ್ಕೆ ಬಂದರು. ಹಾವುಗೆಯನ್ನು ಬೇಕೆಂದೇ ಒಬ್ಬೊಬ್ಬರಿಗೆ ಒಂದೊಂದು ಕೊಟ್ಟರಂತೆ. ಒಂಟಿ ಹಾವುಗೆಗೆ ಪೂಜೆ ಇಲ್ಲ. ಕವಿಯಪ್ಪನ ಪುಣ್ಯದಿನಕ್ಕೆ ಒಂದು ವರ್ಷ ಅವರು ಇಲ್ಲಿಗೆ, ಒಂದು ವರ್ಷ ಇವರು ಅಲ್ಲಿಗೆ ತಂದು ಜೋಡಿ ಮಾಡಲೇಬೇಕು. ಅಣ್ಣತಮ್ಮಂದಿರು ದೂರವಾಗಬಾರದು ಎಂದು ಮಾಡಿದ ಏರ್ಪಾಡು. ಮೊಮ್ಮಕ್ಕಳ ಕಾಲದವರೆಗೂ ನಡೆಯಿತು. ಒಂದು ವರ್ಷ ಯಳಂದೂರಿನಲ್ಲಿ ಊಟದ ಪಂಕ್ತಿಯಲ್ಲಿ ನನ್ನ ಮಾವನವರಿಗೆ ಎರಡನೇ ಸಾಲಿನಲ್ಲಿ ಎಲೆ ಹಾಕಿದರಂತೆ. ಮಾವನವರು ಎಲೆ ಬಿಟ್ಟು ಎದ್ದು, ತಮ್ಮ ಒಂಟಿ ಹಾವುಗೆ ಎತ್ತಿಕೊಂಡು ನಡೆದವರು ಮತ್ತೆ ಆ ಕಡೆ ತಲೆ ಹಾಕಲಿಲ್ಲ.

"ಒಂಟೀನ ಪೂಜೆ ಮಾಡಂಗಿಲ್ಲ, ನಮ್ಮತ್ರ ಬರಂಗಿಲ್ಲ. ನಿನ್ ಮಾವ ಕಾಮಗೆರೆ ಆಚಾರಿ ಕೈಲಿ ಇನ್ನೊಂದ ಮಾಡಿಸ್ಕಂಡ. ನಮ್ಗೆ ಗೊತ್ತಾಗಿ, ಅವ್ನೇ ಮಾಡಿಸ್ಕಂಡ ಅಂದ್ರೆ ನಮ್ಗೇನ್ ಗತಿಗೆಟ್ಟದಾ ಅಂತ ನನ್ ಗಂಡನೂ ಮಾಡ್ಸಕ್ಕೋದ."

"ಅಂಗಾರೆ ನಿಮ್ದ್ರಲ್ಲೊಂದು ನಿಜ, ನಮ್ದ್ರಲ್ಲೊಂದು ನಿಜ" ಎಂದೆ.

"ತಡಿ ಕೂಸೇ, ಮುಗೀನಿಲ್ಲ. ಅದೇ ಪ್ಲೇಗಿನ್ ವರ್ಸ, ಊರಾಚೆ ಗುಡ್ಲಾಕಂಡಿದ್ವಲ್ಲ, ವಾಪಸ್ ಬಂದ್ ನೋಡುದ್ರೆ ನಮ್ ನಿಜವಾದ್ದ ಗೆದ್ಲು ತಿಂದು ಬರೀ ಗುಂಡಿ ಉಳ್ಸಿತ್ತು. ಆಚಾರಿ ಎರಡ್ನೂ ಒಸಾದೇ ಮಾಡ್ಕೊಟ್ಟ. ನಮ್ದು ಎರಡೂ ಸುಳ್ಳು. ಪಂಡಿತ್ರಿಗೆ ಏಳಕ್ಕೆ ನಾಚ್ಕೆ ಆಗಿ ಸುಮ್ನಾದೆ."

ನನಗೆ ಕುಣಿಯುವಷ್ಟು ಸಂತೋಷವಾಗಬೇಕಿತ್ತು. ನಮ್ಮದರಲ್ಲಿ ಒಂದಾದರೂ ನಿಜ! ಆಗಲೂ ಮುದುಕಿ ನಿಲ್ಲಿಸಲಿಲ್ಲ.

"ನಿಜ ಅಂದ್ರೆ ಎಂತ ನಿಜ? ಕವಿಯಪ್ಪ ಹಾವ್ಗೆ ಮೆಟ್ಟಿದ್ನ ಕಂಡೋರೇ ಇಲ್ಲ. ಅದು ಮನೆಗೆ ಬರೋ ಸ್ವಾಮ್ಗಳಿಗೆ ಅಂತ ಇಟ್ಟಿದ್ದುದ್ದು. ಆ ವಯ್ಯ ಬರಿಗಾಲಲ್ಲೇ ತಿರುಗ್ತಿದ್ನಂತೆ. ಅವ್ನ್ ಎಂಡ್ರು, ನಮ್ಮಜ್ಜಿ, ನಾನ್ ಮದ್ವೆಯಾಗಿ ಬಂದಾಗ ಇನ್ನೂ ಇದ್ರು. ರಾಗಿ ಬೀಸ್ತಾ ಅವ್ರೇ ಕಟ್ಟಿದ್ ಪದ ಏಳ್ತಿದ್ರು, ಕೇಳು." ಎಂದು ಡೋಲಿನ ಗಂಟಲಲ್ಲಿ ಹಾಡಿದರು:

ಅರಮನೆಗೆ ಹೋದೋರು ಬರಿಗಾಲಲ್ ಬಂದವ್ರೆ
ಪದಕೊಂದು ಮುಳ್ಳು ಪಾದಾಕೆ, ನಾ ಕೂತು
ಪದವೆಣಿಸಲೋ ಮುಳ್ಳ ತೆಗಿಯಾಲೊ

ನಾನು ನಕ್ಕೆ. ಎಷ್ಟು ವರ್ಷಕ್ಕೋ, ಹೊಟ್ಟೆ ಹಿಡಿದುಕೊಂಡು ನಕ್ಕೆ. ನಗುತ್ತಲೇ ಅಳು ಬಂತು. ದೊಡ್ಡತ್ತೆ ಯಾಕೆ ಎಂದು ಕೇಳಿದರು, ಎಲ್ಲ ಹೇಳಿಬಿಟ್ಟೆ. ಹಾವುಗೆ ಇದ್ದರೆ ಕೋಣೆ, ಕೋಣೆ ಇದ್ದರೆ ನಾನು ಎಂದೆ.

ಅವರು ಎಲೆಗೆ ಸುಣ್ಣ ಹಚ್ಚುತ್ತಾ ಕೇಳಿದರು.

"ನಿನ್ ಗಂಡ ಗುರುಪಾದಸ್ವಾಮಿ ಆ ಮನೇಲಿ ಉಟ್ಟಿದ್ ಮಗ ತಾನೇ?"

"ಊಂ."

"ಅವ್ನಿಗೆ ಪಾಲಿಲ್ವಾ?"

"ಅವ್ರೇ ಇಲ್ವಲ್ಲ ದೊಡ್ಡತ್ತೆ."

"ನೀನಿದ್ದೀಯಲ್ಲ. ನನ್ ಗಂಡ ಓದಾಗ ನನ್ ಮೈದುನ್ರೂ ಇಂಗೇ ಅಂದ್ರು, ಕವಿಯಪ್ಪನ್ ಪೂಜೆ ಮಾಡ್ಕಂಡಿರು ಅಂತ. ನಾನು ವಕೀಲ್ರ ತಾವು ಓದೆ. ಗಂಡ ಸತ್ತೋಳ್ಗೆ ಗಂಡನ್ ಪಾಲ್ನಲ್ಲಿ ಅಕ್ಕು ಅದೆ, ಅವ್ಳು ಇರೋಗಂಟ ಯಾರೂ ಎಬ್ಸಂಗಿಲ್ಲ ಅಂತ ಸರ್ಕಾರವೇ ಬರ್ದದೆ. ನಮ್ ಮೈಸೂರ್ ಸೀಮೆಗೂ ಅದೆ, ನಿಮ್ ಮದ್ರಾಸ್ ಸೀಮೆಗೂ ಅದೆ ಅಂದ್ರು. ಈ ಕೋಣೆ ನಂದು. ಪೂಜೆ ಮಾಡುದ್ರೂ ನಂದು, ಮಾಡ್ದಿದ್ರೂ ನಂದು."

ಇವತ್ತು ವಾಪಸು ಬರುವಾಗ ಗಡಿಯ ಚೌಕಿಯಲ್ಲಿ ಬಸ್ಸು ನಿಲ್ಲಿಸಿದರು. ನಮ್ಮ ಮದ್ರಾಸು ಸೀಮೆಯಲ್ಲಿ ಕುಡಿತ ನಿಷೇಧ, ಮೈಸೂರು ಕಡೆಯಿಂದ ಹೆಂಡದ ಬಾಟಲಿಗಳು ಬರುತ್ತವೆ ಎಂದು ತಪಾಸಣೆ. ತಮಿಳು ಪೇದೆಯೊಬ್ಬ ನನ್ನ ಗಂಟಿನ ಮೇಲೆ ಕೋಲು ತಟ್ಟಿ "ಎನ್ನಮ್ಮಾ ಇದು, ಗಟ್ಟಿಯಾಗಿದೆ? ಬಿಚ್ಚು" ಎಂದ. ಬಿಚ್ಚಿದೆ. ಹಾವುಗೆ ಕಂಡವನೇ ಕೋಲು ಕಂಕುಳಿಗೆ ಸಿಕ್ಕಿಸಿ, ಎರಡನ್ನೂ ಮುಟ್ಟಿ ಕಣ್ಣಿಗೊತ್ತಿಕೊಂಡ. ಯಾವ ಸ್ವಾಮಿಗಳದಮ್ಮ ಎಂದು ಕೇಳಿದ. ಏನು ಹೇಳುವುದೆಂದು ತಿಳಿಯದೆ, ಗೊತ್ತಿಲ್ಲಪ್ಪ ಎಂದೆ. ಅದೇ ನಿಜವಾದ ಉತ್ತರ.

೨೨ ಮಾರ್ಚ್, ಸೋಮವಾರ

ಶಿವರತ್ನಮ್ಮನ ಜೊತೆ ಮಾಳಿಗೆಯ ಮೇಲೆ ಸಂಡಿಗೆ ಇಟ್ಟೆ. ಬಿಸಿಲು ಏರುವ ಮುಂಚೆ ಮುಗಿಸಬೇಕು ಎಂದು ಎದ್ದ ಕೂಡಲೇ ಹತ್ತಿದೆವು. "ಅಕ್ಕ, ಅದೇನ್ ಪದ, ಯಾವಾಗ್ಲೂ ಏಳ್ಕತೀರಲ್ಲ" ಎಂದಳು. ನಾನು ಹಾಡುತ್ತಿದ್ದೇನೆ ಎಂದೇ ನನಗೆ ಗೊತ್ತಿರಲಿಲ್ಲ. ಹೇಳಿಕೊಟ್ಟೆ. ಮುಳ್ಳು ತೆಗೆಯುವ ಸಾಲಿಗೆ ಬಂದಾಗ ಅವಳೂ ನಕ್ಕಳು, "ನಮ್ಮನೇವ್ರ ಕಾಲಲ್ಲಿ ಮುಳ್ಳಿಲ್ಲ, ನಾಲ್ಗೇಲದೆ" ಎಂದಳು.

ಕೆಳಗಿಳಿದಾಗ ಹೈಸ್ಕೂಲಿನ ಹುಡುಗರು ಬಾಗಿಲಲ್ಲಿ ಕಾದಿದ್ದರು, ಹಾವುಗೆ ಮುಟ್ಟಬೇಕಂತೆ. ಮುಟ್ಟಿದರೆ ಲೆಕ್ಕ ಬರುತ್ತದಾ, ಹೋಗಿ ಓದಿಕೊಳ್ಳಿ ಎಂದು ಗದರಿ ಕಳಿಸಿದೆ. ಎಣ್ಣೆ ಮುಗಿದಿತ್ತು, ತರಬೇಕು. ಮೂರು ದಿನದಿಂದ ಹೇಳಿಕೊಳ್ಳುತ್ತಿದ್ದೇನೆ.

ಮಧ್ಯಾಹ್ನ ಕವಿಯಪ್ಪನ ಪುಸ್ತಕ ಓದಿದೆ. ಮೂರನೇ ಸಂಧಿ ಮುಗಿಯಿತು. ಯುದ್ಧದಲ್ಲಿ ಅವರಿಗೆ ಅಷ್ಟು ಉಮೇದಿಲ್ಲ, ಊಟದ ಪಂಕ್ತಿ ಸಿಕ್ಕರೆ ಬಿಡುವುದಿಲ್ಲ. ಹೋಳಿಗೆಗೇ ಎಂಟು ಪದ್ಯ. ಮೊಮ್ಮಕ್ಕಳು ಎಲೆಯ ಸಾಲಿಗಾಗಿ ಜಗಳವಾಡಿದ್ದು ಆಶ್ಚರ್ಯವಲ್ಲ.

೩೦ ಮಾರ್ಚ್, ಮಂಗಳವಾರ

ಕೇಳಬೇಕು. ನಿಮ್ಮಣ್ಣನ ಪಾಲು ಎಲ್ಲಿ ಎಂದು ಕೇಳಬೇಕು. ಈ ವಾರ ಎಷ್ಟು ಸಲ ಬಾಯಿಯವರೆಗೂ ಬಂತೋ. ಬಂದಾಗೆಲ್ಲ "ಇನ್ನೊಂಚೂರು ಸಾರು ಹಾಕಲಾ?" ಎಂದು ಕೇಳುತ್ತೇನೆ. ಪಾಪ, ರುದ್ರಸ್ವಾಮಿಗೆ ಸಾರು ಕುಡಿದು ಕುಡಿದು ಸಾಕಾಗಿದೆ.

ಹೆದರಿಕೆ ಯಾಕೆ ಎಂದು ನನಗೇ ತಿಳಿಯದು. ಅವನು ಹೊಡೆಯುವವನಲ್ಲ, ಬೈಯುವವನೂ ಅಲ್ಲ. ಇಷ್ಟು ವರ್ಷ ಅವನ ಅನ್ನ ತಿಂದೆ ಎಂದುಕೊಂಡಿದ್ದೇನೆ, ಅದೇ ಮಾತಿಗೆ ಅಡ್ಡ ಬರುತ್ತದೆ. ನಾನು ತಿಂದದ್ದು ನನ್ನ ಗಂಡನ ಅನ್ನವೇ ಆಗಿದ್ದರೆ?

೪ ಏಪ್ರಿಲ್, ಭಾನುವಾರ. ಯುಗಾದಿ

ಬೇವು ಬೆಲ್ಲ ಹಂಚಿದರು. ನನ್ನ ಪಾಲಿಗೆ ಬೇವೇ ಹೆಚ್ಚು ಬಂದಿತ್ತು. ಇಲ್ಲಿ ಬರೆದುಕೊಳ್ಳುವಷ್ಟು ದೊಡ್ಡ ವಿಷಯವಲ್ಲ, ಆದರೂ ಬರೆದೆ.

ನೂಲಿನ ಮೂಟೆಗಳು ಜಗುಲಿಗೆ ಬಂದಿವೆ.

೯ ಏಪ್ರಿಲ್, ಶುಕ್ರವಾರ

ಪಂಡಿತರು ಇನ್ನಿಬ್ಬರೊಡನೆ ಬೆಳಿಗ್ಗೆಯೇ ಬಂದರು. ಅಣ್ಣನೂ ನಿನ್ನೆ ಸಂಜೆಗೇ ಗಾಡಿ ತಂದಿದ್ದ. ರುದ್ರಸ್ವಾಮಿ ಹೊಸ ಪಂಚೆ ಉಟ್ಟು ಮದುವೆಮನೆಯ ಯಜಮಾನನ ಹಾಗೆ ಓಡಾಡುತ್ತಿದ್ದ.

ಪೂಜೆ ಮಾಡಿದವರು ನೀವು, ನಿಮ್ಮ ಕೈಯಿಂದಲೇ ಆಗಲಿ ತಾಯಿ ಎಂದರು ಪಂಡಿತರು. ಒಂದೊಂದಾಗಿ ಕೊಟ್ಟೆ. ಕರಡಿಗೆಯನ್ನು ಸೆರಗಿನಿಂದ ಇನ್ನೊಮ್ಮೆ ಒರೆಸಿ ಕೊಟ್ಟೆ. ಶಾಲನ್ನು ಹಾಗೇ ಕೊಟ್ಟೆ. ಪುಸ್ತಕ ಮಾತ್ರ ಕೊಡಲಿಲ್ಲ. ಓದಿ ಮುಗಿದಿಲ್ಲ, ಅಚ್ಚಾದದ್ದು ನಿಮಗೆ ಬೇರೆ ಕಡೆ ಸಿಕ್ಕುತ್ತದೆ ಎಂದೆ. ಪಂಡಿತರು ನನ್ನನ್ನು ಅಚ್ಚರಿಯಿಂದ ನೋಡಿ ತಲೆಯಾಡಿಸಿದರು.

"ಇನ್ನು ಹಾವುಗೆ. ಹೇಳಿ ತಾಯಿ, ಯಾವುದು ನಿಜವಾದ ಜೋಡಿ?"

"ನಿಜವಾದ ಜೋಡಿ ಇಲ್ಲ ಸ್ವಾಮಿ. ಯಳಂದೂರಿನವು ಎರಡೂ ಒಸವು. ನಮ್ಮವುದ್ರಲ್ಲಿ ಒಂದು ಅಳೇದು, ಯಾವ್ದು ಅಂತ ನಂಗೂ ಗೊತ್ತಿಲ್ಲ. ಅದ್ನೂ ಕವಿಯಪ್ಪ ಮೆಟ್ಟಿಲ್ಲ" ಎಂದು, ದೊಡ್ಡತ್ತೆ ಹೇಳಿದ್ದನ್ನು ಒಂದೂ ಬಿಡದೆ ಹೇಳಿದೆ. ಹೇಳಿಕೋ, ನನ್ನ ಹೆಸರೂ ಹೇಳು ಎಂದು ಅವರೇ ಒಪ್ಪಿಗೆ ಕೊಟ್ಟಿದ್ದರು.

ರುದ್ರಸ್ವಾಮಿಯ ಮುಖ ಬಾಡಿತು. "ಮನೆ ಮರ್ವಾದೆ ಬೀದಿಗಾಕುದ್ರಲ್ಲ ಅತ್ಗೆ" ಎಂದ. ಪಂಡಿತರು ಮೂಗಿನ ಮೇಲೆ ಬೆರಳಿಟ್ಟು ಯೋಚಿಸಿದರು. ಆಮೇಲೆ ಅವರ ಮುಖ ಅರಳಿತು.

"ಆಗಲಿ, ಅಲ್ಲಿಂದೊಂದು ಇಲ್ಲಿಂದೊಂದು ಇಡೋಣ. ಎರಡು ಮನೆಯೂ ಒಂದಾದ ಹಾಗಾಯಿತು, ಗಡಿಯ ಎರಡು ಕಡೆಯೂ ಕನ್ನಡವೇ ಎಂದು ಹೇಳಿದ ಹಾಗೂ ಆಯಿತು. ಫಲಕ ಹೇಗೂ ಬರೆಸಿ ಆಗಿದೆ."

ಎಂಥ ಜನವಪ್ಪ. ಎರಡನ್ನೂ ಅವರ ಕೈಗೇ ಇಟ್ಟೆ, ಬೇಕಾದ್ದನ್ನು ಆರಿಸಿಕೊಳ್ಳಲಿ.

ಪೀಠ ಬರಿದಾಯಿತು. ರುದ್ರಸ್ವಾಮಿ ಜಗುಲಿಯ ಆಳುಗಳಿಗೆ ಕೈ ಸನ್ನೆ ಮಾಡಿ, ನನ್ನ ಕಡೆ ತಿರುಗಿದ.

"ಇನ್ನು ನಿಮ್ ಚಾಪೆ ಬಟ್ಟೆ ಎತ್ಕಳಿ ಅತ್ಗೆ. ಈಗ್ಲೇ ಒರಟ್ರೆ ಹನೂರಲ್ಲಿ ಒಂದಿನ ಉಳ್ಕಂಡು ಓಗ್ಬೋದು."

ಸಾರು ಹಾಕಲಾ ಎಂದು ಕೇಳುವುದಕ್ಕೆ ಅಲ್ಲಿ ಊಟವೂ ಇರಲಿಲ್ಲ. ಬಾಗಿಲ ಚೌಕಟ್ಟನ್ನು ಹಿಡಿದುಕೊಂಡೆ.

"ನಾನು ಓಗಕಿಲ್ಲ ರುದ್ರಸ್ವಾಮಿ."

"ಪೂಜೆ ಮುಗೀತಲ್ಲ. ಇನ್ನೇನದೆ ನಿಮ್ಗಿಲ್ಲಿ?"

"ನನ್ ಗಂಡನ್ ಪಾಲದೆ. ನಿಮ್ಮಪ್ಪಂಗೆ ನೀನೊಬ್ನೇ ಮಗ ಅಲ್ಲ. ಮಿಕ್ಕಿದ್ದು ಆಮೇಲೆ ಕೂತು ಮಾತಾಡವ. ಈ ಕೋಣೆ ಮಾತ್ರ ಇವತ್ತಿಂದ ನಂದು. ನಾನಿರೋಗಂಟ ನಂದು."

"ಯಾರ್ ಏಳ್ಕೊಟ್ರು ನಿಮ್ಗೆ?"

"ಯಾರೋ ಏಳ್ಕೊಟ್ರು ಅಂತ್ಲೇ ಇಟ್ಕೊ. ಸುಳ್ಳಾ ನಿಜವಾ, ಅದ ಯೋಳು."

ಅವನು ಪಂಡಿತರ ಮುಖ ನೋಡಿದ. ಪಂಡಿತರು ಕೆಮ್ಮಿದರು, ಪೇಟ ಸರಿಮಾಡಿಕೊಂಡರು. "ಕಾನೂನು ಹಾಗೇ ಇದೆ ರುದ್ರಸ್ವಾಮಿಗಳೇ. ನಮ್ಮ ಮನೆಯಲ್ಲೂ ನಡೆದಿದೆ" ಎಂದು ಹೇಳಿ, ಹಾವುಗೆಯ ಗಂಟನ್ನು ಎದೆಗವಚಿಕೊಂಡು ಬೇಗಬೇಗ ಹೊರಟರು. ಶಿವರತ್ನಮ್ಮ ಒಳಬಾಗಿಲಲ್ಲಿ ನಿಂತಿದ್ದವಳು ಗಂಡನ ಕಡೆಯೂ ಆಡಲಿಲ್ಲ, ನನ್ನ ಕಡೆಯೂ ಆಡಲಿಲ್ಲ. ಆಳುಗಳಿಗೆ ಮಜ್ಜಿಗೆ ತಂದು ಕೊಟ್ಟು, ಮೂಟೆ ಅಲ್ಲೇ ಇರಲಿ ಎಂದಳು.

ಅಣ್ಣ ಎತ್ತುಗಳ ಮೈ ಸವರಿ ನೊಗಕ್ಕೆ ಕಟ್ಟಿದ. "ಬತ್ತೀನಿ ತಂಗಿ" ಎಂದ. ಅವನ ಮುಖದಲ್ಲಿ ನಿರಾಳ ಕಂಡಿತು. ಬರಬೇಡ ಎಂದು ಅವನೇನೂ ಅಂದಿರಲಿಲ್ಲ. ಅವನ ಮಕ್ಕಳಿಗೆ ಸಂಡಿಗೆ ಕಟ್ಟಿಕೊಟ್ಟೆ.

೧೧ ಏಪ್ರಿಲ್, ಭಾನುವಾರ

ಎರಡು ದಿನ ರುದ್ರಸ್ವಾಮಿ ನನ್ನೊಡನೆ ಮಾತಾಡಲಿಲ್ಲ. ನಾನೂ ಆಡಲಿಲ್ಲ. ಚಾಪೆಯನ್ನು ಪೀಠವಿದ್ದ ಕಡೆಗೆ ಎಳೆದು ಹಾಕಿಕೊಂಡಿದ್ದೇನೆ, ಅಲ್ಲಿ ಗಾಳಿ ಬರುತ್ತದೆ. ಖಾಲಿ ಗೋಡೆ ನೋಡಿದಾಗ ಒಮ್ಮೊಮ್ಮೆ ಕೈ ತಾನಾಗಿ ಎಣ್ಣೆ ಬಟ್ಟಲು ಹುಡುಕುತ್ತದೆ. ದೊಡ್ಡತ್ತೆಗೆ ಒಂದು ಕಾಗದ ಬರೆದೆ. ಅವರು ಹಾಡಿದ ಪದದ ಮುಂದಿನ ಸಾಲುಗಳು ಬೇಕು, ನೆನಪಿರುವಾಗಲೇ ಬರೆದುಕೊಳ್ಳಬೇಕು, ಮುಂದಿನ ತಿಂಗಳು ಬರುತ್ತೇನೆ ಎಂದು.

ಇವತ್ತು ಮಧ್ಯಾಹ್ನ ಬೆಟ್ಟದ ಕಡೆಯಿಂದ ಮೋಡ ಕವಿದು ಗಾಳಿ ಎದ್ದಿತು. ಜಗುಲಿಯ ಮೇಲೆ ನೂಲಿನ ಮೂಟೆಗಳು ಹಾಗೇ ಇದ್ದವು. ಒಂದು ಹನಿ ಬಿದ್ದರೆ ಅಷ್ಟೂ ಹಾಳು. ರುದ್ರಸ್ವಾಮಿ ಒಂದು ಮೂಟೆ ಹೆಗಲಿಗೇರಿಸಿಕೊಂಡು ನನ್ನ ಬಾಗಿಲವರೆಗೂ ಬಂದ. ಎಂದೂ ಕೇಳದೆ ನುಗ್ಗುತ್ತಿದ್ದವನು ಹೊಸಲಿನ ಆಚೆಯೇ ನಿಂತ. ಮೂಟೆಯ ಭಾರಕ್ಕೆ ಕುತ್ತಿಗೆ ಬಾಗಿತ್ತು. ಬೀದಿಯಲ್ಲಿ ಆಗಲೇ ಮಣ್ಣಿನ ವಾಸನೆ ಬರುತ್ತಿತ್ತು.

"ಅತ್ಗೆ," ಎಂದ. ಹೆಗಲು ಬದಲಿಸಿಕೊಂಡು, "ಒಳಗಿಡ್ಲಾ?" ಎಂದ.

ನಾನು ಓದುತ್ತಿದ್ದ ಪುಸ್ತಕ ಮಡಚಿಟ್ಟು ಎದ್ದೆ.

"ಇಡಪ್ಪ. ಆ ಮೂಲೇಲಿ ಇಡು. ಕಿಟಕಿಗೆ ಅಡ್ಡ ಇಡ್ಬೇಡ, ನಂಗೆ ಓದಕ್ಕೆ ಬೆಳಕು ಬೇಕು."